ಸೈಕಲ್ ಡಬ್ಬಿಯ ಕಾವಲು

"ಬೀಗ ತೆಗಿಯಮ್ಮ," ಎಂದ ಮುದುಕ ವೆಂಡೆಲ್. "ನಿನ್ನ ಸೈಕಲ್ ಜತೆ ನಂದನ್ನೂ ಸೇರಿಸಿ ಕಂಬಿಗೆ ಬಿಗಿದಿದ್ದೀಯ. ನಾನು ಪಾಲೋ ಆಲ್ಟೋದಲ್ಲಿ ಇಳಿಯೋನು. ನೀನು?"

"ಸನ್ನಿವೇಲ್, ಅದಕ್ಕೂ ಮುಂದೆ," ಎಂದಳು ಎಲ್ವಿರಾ. ಬೀಗದ ಮೇಲಿದ್ದ ಕೈ ಅಲ್ಲೇ ಇತ್ತು.

"ಹಾಗಾದ್ರೆ ನಾನೂ ಅಲ್ಲಿಗೇ ಬರಬೇಕು. ಮನೇಲಿ ಹೆಂಡತಿಗೆ ಏನಂತ ಹೇಳ್ಲಿ?"

ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಬೆಳಗಿನ ರೈಲು. ಸೈಕಲ್ ಇಡಲೆಂದೇ ಇದ್ದ ಡಬ್ಬಿಯಲ್ಲಿ ನಾಲ್ಕಾರು ಜನ ನಕ್ಕರು. ಎಲ್ವಿರಾಗೆ ನಗು ಬರಲಿಲ್ಲ. ಈಗಾಗಲೇ ಎರಡು ಸೈಕಲ್ ಕಳುವಾಗಿದ್ದವು. ಎರಡನೆಯದು ಹೋದ ಬೆನ್ನಲ್ಲೇ ಹಗಲಿನ ಕೆಲಸವೂ ಹೋಗಿತ್ತು. ರಾತ್ರಿಯಿಡೀ ಆಫೀಸುಗಳ ನೆಲ ಒರೆಸಿ, ಈಗ ಹೊಸದಾಗಿ ಸಿಕ್ಕ ಆಸ್ಪತ್ರೆಯ ಅಡುಗೆಮನೆಗೆ ಹೊರಟಿದ್ದಳು. ಸ್ಟೇಷನ್ನಿನಿಂದ ಅಲ್ಲಿಗೆ ಬಸ್ಸಿಲ್ಲ. ಸೈಕಲ್ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

"ನೋಡು ಮಗಳೇ, ಬೀಗ ಎಷ್ಟು ದಪ್ಪ ಇದ್ರೂ ಅದಕ್ಕೆ ಕಣ್ಣಿರಲ್ಲ. ಇಲ್ಲಿ ದೂರ ಹೋಗೋರ ಸೈಕಲ್ ಒಳಗೆ, ಬೇಗ ಇಳಿಯೋರದ್ದು ಅದರ ಮೇಲೆ ಒರಗಿಸೋದು. ನಿಂದು ಎಲ್ಲಕ್ಕಿಂತ ಒಳಗೆ. ಕಳ್ಳ ಅದನ್ನ ಮುಟ್ಟಬೇಕಾದ್ರೆ ಮೊದ್ಲು ನಮ್ಮೆಲ್ಲರ ಸೈಕಲ್ ಎತ್ತಿಡಬೇಕು. ಅಲ್ಲಿವರೆಗೆ ನಾವೇನು ಭಜನೆ ಮಾಡ್ತಾ ಕೂತಿರ್ತೀವಾ?"

"ನೀವೆಲ್ಲ ಇಳಿದ ಮೇಲೆ?"

ಪ್ರಶ್ನೆ ನ್ಯಾಯವಾದದ್ದೇ. ವೆಂಡೆಲ್ ಗಡ್ಡ ಕೆರೆದುಕೊಂಡ. "ಅಷ್ಟೊತ್ತಿಗೆ ಬೇರೆ ಯಾರಾದ್ರೂ ಹತ್ತಿರ್ತಾರೆ."

ಈ 'ಬೇರೆ ಯಾರಾದ್ರೂ' ಎಂಬುವರೇ ಎರಡು ಸಲ ಅವಳ ಸೈಕಲ್ ಒಯ್ದವರು. ಆದರೂ ಇಡೀ ಡಬ್ಬಿಯೇ ಅವಳಿಗಾಗಿ ಕಾಯುತ್ತಿತ್ತು. ಬೀಗ ತೆಗೆದಳು. ಅವಳ ಸೈಕಲ್ಲನ್ನು ಒಳಗಿಟ್ಟು, ಉಳಿದವರು ತಮ್ಮವನ್ನು ಅದಕ್ಕೆ ಒರಗಿಸಿದರು.

ಎದುರಿನ ಸೀಟಿನಲ್ಲಿ ರೆಪ್ಪೆ ಹೊಡೆಯದೆ ಕೂತಳು. ಸ್ಯಾನ್ ಮಟೆಯೋದಲ್ಲಿ ಮೇಲಿನ ಸೈಕಲ್ ಇಳಿದುಹೋಯಿತು. ರೆಡ್‌ವುಡ್ ಸಿಟಿಯಲ್ಲಿ ಇನ್ನೊಂದು ಹೋದದ್ದು ಅವಳಿಗೆ ಕಾಣಲಿಲ್ಲ. ರಾತ್ರಿ ಬಾಕಿ ಉಳಿಸಿಕೊಂಡ ನಿದ್ದೆ ಹೇಳದೆ ಕೇಳದೆ ಬಂದು ವಸೂಲಿ ಮಾಡಿಕೊಂಡಿತ್ತು.

ಬ್ರೇಕಿನ ಸದ್ದಿಗೆ ಕಣ್ಣು ಬಿಟ್ಟಾಗ ಎದುರಿನ ಕಂಬಿ ಬರಿದು. ವೆಂಡೆಲ್ ಇಲ್ಲ. ಬಾಗಿಲ ಬಳಿ ಕುತ್ತಿಗೆ ತುಂಬ ಹಚ್ಚೆ ಹಾಕಿಸಿಕೊಂಡ ಯುವಕನೊಬ್ಬ ನಿಂತಿದ್ದ. ಅವಳ ಸೈಕಲ್ಲಿನ ಹ್ಯಾಂಡಲ್ ಅವನ ಕೈಯಲ್ಲಿತ್ತು.

"ಏಯ್, ಕಳ್ಳ," ಎಂದು ಕೂಗಿಕೊಂಡೇ ಓಡಿದಳು. ಡಬ್ಬಿಯ ಜನವೆಲ್ಲ ತಿರುಗಿ ನೋಡಿದರು.

ಯುವಕ ಹ್ಯಾಂಡಲ್ಲನ್ನು ಅವಳ ಕೈಗಿಟ್ಟ. "ಸನ್ನಿವೇಲ್ ಬಂತು, ಇಳೀರಿ ಬೇಗ. ಎಬ್ಬಿಸೋಕೆ ಬರೋಣ ಅಂದ್ರೆ ಸೈಕಲ್ ಬಿಟ್ಟು ಬರೋ ಹಾಗಿರಲಿಲ್ಲ."

ಹಿಂದಿನ ಚಕ್ರವನ್ನು ತಾನೇ ಎತ್ತಿ ಪ್ಲಾಟ್‌ಫಾರ್ಮಿಗೆ ಇಳಿಸಿದ. ಎಲ್ವಿರಾ ಏನೋ ಹೇಳಲು ಬಾಯಿ ತೆರೆದಳು.

"ಇರ್ಲಿ ಬಿಡಿ," ಎಂದ ಅವನು, ಮುಚ್ಚಿಕೊಳ್ಳುತ್ತಿದ್ದ ಬಾಗಿಲ ಸಂದಿಯಿಂದ. "ಆ ತಾತ ಸೈಕಲ್ ನನಗೊಪ್ಪಿಸಿ ಇಳಿಯುವಾಗ್ಲೇ ಹೇಳಿದ್ರು, ಅವಳು ಮೊದ್ಲು ನಿನ್ನನ್ನೇ ಕಳ್ಳ ಅಂತಾಳೆ, ಬೇಜಾರು ಮಾಡ್ಕೋಬೇಡ ಅಂತ."