ಜಾಲಿ ಮೆಳೆಯೊಳಗಿನ ಚೆಂಡು

ಚೆಂಡು ಯಶೋಧರೆಯ ಎಡಗಾಲಿನ ಬೂಟಿನಿಂದ ಒಂದು ಗೇಣು ದೂರದಲ್ಲಿತ್ತು. ಅವಳು ಒಮ್ಮೆ ನೋಡಿದಳು. ಬಿಳಿ ಚೆಂಡಿನ ಮೇಲೆ ನೀಲಿ ಶಾಯಿಯ ಮೂರು ಗೆರೆ. ಎದುರಾಳಿ ಚನ್ನಬಸವರಾಜನದೇ. ಆಮೇಲೆ ಕಣ್ಣನ್ನು ಬೇರೆ ಕಡೆ ಹೊರಳಿಸಿಬಿಟ್ಟಳು.

"ಒಂದು ನಿಮಿಷ ಆಯಿತು," ಎಂದರು ತೀರ್ಪುಗಾರರಾಗಿದ್ದ ಶೀಲಾ ಮೇಡಂ, ಗಡಿಯಾರ ನೋಡುತ್ತ.

ಇನ್ನೆರಡು ನಿಮಿಷ. ಅಷ್ಟರಲ್ಲಿ ಸಿಗದಿದ್ದರೆ ನಿಯಮದ ಪ್ರಕಾರ ಚೆಂಡು ಕಳೆದಂತೆ.

ಕುರುಗೋಡಿನ ಬಂಡೆಗುಡ್ಡದ ಬುಡದಲ್ಲಿರುವ ಆ ಗಾಲ್ಫ್ ಮೈದಾನದಲ್ಲಿ ಹುಲ್ಲಿಗಿಂತ ಜಾಲಿಯೇ ಹೆಚ್ಚು. ಅವತ್ತು ಕಪ್ ಪಂದ್ಯಾವಳಿಯ ಕೊನೆಯ ಪಂದ್ಯ. ಚೆಂಡು ಬೀಳಿಸಬೇಕಾದ ಕೊನೆಯ ಕುಣಿ. ಇಬ್ಬರೂ ಸರಿಸಮ. ಗೆದ್ದವರು ಒಂದು ವರ್ಷ ಕ್ಲಬ್ಬಿನ ಕ್ಯಾಪ್ಟನ್; ಗೇಟಿನೊಳಗೆ ಯಾರು ಬರಬೇಕು, ಯಾರು ಬರಬಾರದು ಎಂಬುದು ಅವರ ಕೈಯಲ್ಲಿ. ಗೇಟಿನ ಹಲಗೆಯ ಮೇಲೆ "ಪ್ರವೇಶವಿಲ್ಲ" ಎಂಬುದರ ಕೆಳಗೆ ಹದಿನೆಂಟು ವರ್ಷದಿಂದ ಒಂದೇ ಹೆಸರಿತ್ತು. ಕೆಂಚಣ್ಣ. ಕಾರಣ, ಚೆಂಡಿನ ಮೋಸ.

ಸದಸ್ಯರ ಗಾಲ್ಫ್ ಕೋಲುಗಳ ಚೀಲ ಹೊರುತ್ತಿದ್ದ ಕೆಂಚಣ್ಣ ಯಶೋಧರೆಯ ಅಪ್ಪ. ಆರೋಪ ಹೊರಿಸಿದವನು ಸಿರುಗುಪ್ಪದ ಅಕ್ಕಿ ಗಿರಣಿಯ ಚನ್ನಬಸವರಾಜ. ಬಳ್ಳಾರಿಯಲ್ಲಿ ಬ್ಯಾಂಕ್ ಅಧಿಕಾರಿಯಾದ ಮೇಲೆ ಅವಳು ಈ ಕ್ಲಬ್ಬಿನ ಸದಸ್ಯತ್ವ ತೆಗೆದುಕೊಂಡದ್ದು ಆಟದ ಹುಚ್ಚಿಗಲ್ಲ. ಇಂಥದೊಂದು ದಿನಕ್ಕಾಗಿ ಒಂಬತ್ತು ವರ್ಷ ಕಾದಿದ್ದಳು.

ಚೆಂಡು ಜಾಲಿಗೆ ನುಗ್ಗಿದ್ದನ್ನು ಕಂಡ ಕೂಡಲೇ ಚನ್ನಬಸವರಾಜ, ಕಳೆದೇಹೋದರೆ ಇರಲೆಂದು, ಎಲ್ಲರೂ ಮಾಡುವಂತೆ ಇನ್ನೊಂದನ್ನು ಹೊಡೆದಿದ್ದ. ಅದು ದಿಬ್ಬದಾಚೆ ಬಾವುಟದ ಕಡೆ ಹೋಯಿತು. ನೋಡಲು ಬಂದಿದ್ದ ಸದಸ್ಯರೆಲ್ಲ ಜಾಲಿಯತ್ತ ನಡೆದರು. ಎರಡನೆಯದು ಎಲ್ಲಿ ನಿಂತಿತೆಂದು ಕತ್ತು ಚಾಚಿ ನೋಡಿದವರು ಆಟಗಾರರಿಬ್ಬರೇ.

ಎದುರಾಳಿಯ ಚೆಂಡು ಹುಡುಕಲು ನೆರವಾಗುವುದು ಈ ಆಟದ ಮರ್ಯಾದೆ. ಯಶೋಧರೆ ಎರಡೂ ಕೈ ಎದೆಗೆ ಕಟ್ಟಿಕೊಂಡು ಎಲ್ಲರಿಗಿಂತ ಮೊದಲೇ ಮೆಳೆಯೊಳಗೆ ಕಾಲಿಟ್ಟಿದ್ದಳು.

"ಬಿಡ್ರಿ ಮೇಡಂ, ಮುಳ್ಳು ನೆಟ್ಟೀತು," ಎಂದ ಚನ್ನಬಸವರಾಜ, ಹೊರಗೇ ನಿಂತು. "ನನ್ ಸಲುವಾಗಿ ನೀವ್ಯಾಕ ತ್ರಾಸ ತಗೋತೀರಿ?"

"ತ್ರಾಸೇನು ಬಂತ್ರಿ ಸಾಹುಕಾರ್ರ. ನಮ್ಮಪ್ಪ ಇದ ಜಾಲಿಯಾಗ ವರ್ಷಾನುಗಟ್ಲೆ ನಿಮ್ಮ ಚೆಂಡು ಹುಡುಕ್ಯಾನ್ರಿ."

ಅವನ ನಗು ಅರ್ಧಕ್ಕೆ ನಿಂತಿತು.

ಅವನ ಚೀಲ ಹೊತ್ತು ಬಂದಿದ್ದವನು ಗಿರಣಿಯ ಮೇಸ್ತ್ರಿ ಗಾದಿಲಿಂಗಪ್ಪ. ಅವನಿಗೆ ಗಾಲ್ಫ್ ಗೊತ್ತಿಲ್ಲ, ಕಳ್ಳರು ಗೊತ್ತು. ಪಂಚೆಯೊಳಗೆ ಅಕ್ಕಿ ಕಟ್ಟಿಕೊಂಡು ಹೊರಟವರನ್ನು ನಡಿಗೆಯಲ್ಲೇ ಹಿಡಿಯುತ್ತಿದ್ದ. ಬೆಳಿಗ್ಗೆ ಚಹಾ ಕುಡಿಯುವಾಗ ಚನ್ನಬಸವರಾಜ ಅವನಿಗೆ ಹೇಳಿದ್ದು ಯಶೋಧರೆಗೂ ಕೇಳಿಸಿತ್ತು. ಕೇಳಿಸಲೆಂದೇ ಹೇಳಿದ್ದು.

"ಅಪ್ಪ ಚೆಂಡಿನ ಕಳ್ಳ. ಮಗಳ ಕೈಕಾಲ್ ಮ್ಯಾಲೆ ಕಣ್ಣಿಡಲೇ."

ಆ ಕಣ್ಣು ಈಗ ತನ್ನ ಬೆನ್ನಿಗೆ ಅಂಟಿಕೊಂಡಿದೆಯೆಂದು ಅವಳಿಗೆ ಗೊತ್ತಾಗುತ್ತಿತ್ತು. ಮೊನ್ನೆ ರಾತ್ರಿಯಿಂದ ಊಟ ಸೇರಿರಲಿಲ್ಲ. ಒಂದು ಹೆಜ್ಜೆ ಸರಿದು, ಚೆಂಡಿಗೂ ಜನಕ್ಕೂ ನಡುವೆ ನಿಂತಳು.

"ಎರಡು ನಿಮಿಷ."

"ಅಲ್ಲೇನರ ಕಂಡೈತೇನ್ರಿ?" ಗಾದಿಲಿಂಗಪ್ಪ ಕೇಳಿದ.

"ಈ ಕಡಿ ಬರಬ್ಯಾಡ್ರಿ, ಮುಳ್ಳದಾವ," ಅವಳ ದನಿ ತುಸು ಅವಸರವಾಗಿಯೇ ಬಂತು. "ಆ ಕಡಿ ನೋಡ್ರಿ."

ಗಾದಿಲಿಂಗಪ್ಪ ಕಣ್ಣು ಕಿರಿದು ಮಾಡಿದ.

"ಗಾದಿಲಿಂಗಾ, ಸಾಕು ಬಾರಲೇ! ಹೋದ್ರ ಹೋಗ್ಲಿ," ಚನ್ನಬಸವರಾಜ ಆಗಲೇ ಬಾವುಟದ ಕಡೆ ಕಾಲು ಹಾಕಿದ್ದ.

"ಒಂದ್ ಚಣ ತಡೀರಿ ಸಾಹುಕಾರ್ರ!"

ಅಂಗಿ ಹರಿದುಕೊಂಡು ನುಗ್ಗಿದ ಗಾದಿಲಿಂಗಪ್ಪ. ಬಗ್ಗಿ ನೋಡಿದ. ಬೆರಳು ಚಾಚಿ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ.

"ಸಿಕ್ತ್ರೀ! ಮೂರು ಗೆರಿ ಐತಿ! ಈಕಿ ಮುಚ್ಚಿಟ್ಕೊಂಡು ನಿಂತಿದ್ಲು! ನನ್ ಕಣ್ ತಪ್ಪಿಸಾಕಾಗ್ತೈತೇನು?"

ಎಲ್ಲರೂ ತಿರುಗಿ ಅವಳನ್ನೇ ನೋಡಿದರು. ಯಾರೋ "ಛೇ" ಎಂದರು. ಯಶೋಧರೆ ತಲೆ ತಗ್ಗಿಸಿದಳು.

ಶೀಲಾ ಮೇಡಂ ಗಡಿಯಾರದಿಂದ ತಲೆಯೆತ್ತಿದರು. "ಎರಡು ನಿಮಿಷ ಐವತ್ತು ಸೆಕೆಂಡು. ಚೆಂಡು ಸಮಯದೊಳಗೇ ಸಿಕ್ಕಿದೆ. ಚನ್ನಬಸವರಾಜ್ ಅವರೇ, ಇನ್ನು ನೀವು ಇದನ್ನೇ ಆಡಬೇಕು. ಎರಡನೆಯದು ರದ್ದು, ಎತ್ತಿಕೊಳ್ಳಿ."

ಎರಡನೆಯದು ದಿಬ್ಬದಾಚೆ ಕುಣಿಯಿಂದ ನಾಲ್ಕು ಬೆರಳು ದೂರದಲ್ಲಿ ಕೂತಿತ್ತು. ಮೊದಲನೆಯದು ಇನ್ನು ಹತ್ತು ಸೆಕೆಂಡು ಸಿಗದೆ ಇದ್ದಿದ್ದರೆ, ಈ ಎರಡನೆಯದನ್ನೊಂದು ಸಲ ತಟ್ಟಿ ಅವನು ಕಪ್ ಎತ್ತಿಕೊಳ್ಳುತ್ತಿದ್ದ.

ಚನ್ನಬಸವರಾಜ ಓಡಿ ಬಂದ. ಮುಖ ಕೆಂಪೇರಿತ್ತು. "ಈಕೀನ ತಂದು ಹಾಕ್ಯಾಳ! ಅವರಪ್ಪನ ಹಂಗ, ಕಿಸೆದಿಂದ ತೆಗದು!"

ಹದಿನೆಂಟು ವರ್ಷದ ಹಿಂದೆ ಕೆಂಚಣ್ಣ ಮಾಡಿದ್ದೂ ಇಷ್ಟೇ. ಇವನು ಎರಡನೆಯ ಚೆಂಡಿನಿಂದ ಗೆಲ್ಲುವ ಹೊತ್ತಿಗೆ, ಜಾಲಿಯೊಳಗೆ ಇವನ ಮೊದಲ ಚೆಂಡು ಕಂಡು, "ಸಿಕ್ತು" ಎಂದು ನಿಜ ಹೇಳಿದ್ದ. ಆಗ ಕೆಂಚಣ್ಣನ ಕೈ ಕಡೆ ನೋಡುತ್ತಿದ್ದವರು ಯಾರೂ ಇರಲಿಲ್ಲ.

ಗಾದಿಲಿಂಗಪ್ಪನಿಗೆ ಸಿಟ್ಟು ಬಂತು. ಅದು ಅವನ ಕಸುಬಿನ ಪ್ರಶ್ನೆ.

"ಏನಂತೀರಿ ಸಾಹುಕಾರ್ರ! ನೀವಾ ಹೇಳಿದ್ರಲ್ಲ, ಕಣ್ಣಿಡು ಅಂತ? ಆಕಿ ಒಳಗ ಕಾಲಿಟ್ಟಾಗಿಂದ ರೆಪ್ಪಿ ಬಡದಿಲ್ಲ ನಾ. ಕಟ್ಟಿದ ಕೈ ಬಿಚ್ಚಿಲ್ಲ, ಬಗ್ಗಿಲ್ಲ, ಚೆಂಡು ಮುಟ್ಟಿಲ್ಲ. ಯಾವ ದೇವ್ರ ಮುಂದ ಬೇಕಾದ್ರೂ ಹೇಳ್ತೀನಿ."

ಸದಸ್ಯರು ಚನ್ನಬಸವರಾಜನಿಗೆ ದಾರಿ ಬಿಟ್ಟು ಹಿಂದೆ ಸರಿದರು. ಚನ್ನಬಸವರಾಜ ಮುಳ್ಳಿನೊಳಗೆ ನಾಲ್ಕು ಏಟು ಹೊಡೆದ. ಐದನೆಯದಕ್ಕೆ ಟೋಪಿ ತೆಗೆದು ಸೋಲೊಪ್ಪಿದ.

ಸಿಕ್ಕಿಬೀಳುವುದಕ್ಕೆಂದೇ ಯಶೋಧರೆ ಅಲ್ಲಿ ನಿಂತಿದ್ದಳು.