ಯುನೈಟಸ್ ಪರ ವಾದಿಸಿದವನು

ತಲೆಗೆ ಪೆಟ್ಟು ತಿಂದ ಮಾಜಿ ಆಟಗಾರನೊಬ್ಬ ಪರಿಹಾರ ಕೇಳಿದ ಸುದ್ದಿ ಓದಿ, ‘ಎಲ್ಲ ನಾಟಕ’ ಎಂದು ಪತ್ರಿಕೆ ಮಡಿಸಿಟ್ಟವರಲ್ಲಿ ನೀವೂ ಒಬ್ಬರಲ್ಲವೇ? ಹಾಗಾದರೆ ಆ ಮಂಗಳವಾರ ಪಿಟ್ಸ್‌ಬರ್ಗಿನ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ರೊಸೆಲ್ಲಾ ಡುಡಾಳ ಮುಖ ನೋಡಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತು. ಅವಳ ಗಂಡ ಪರೀಕ್ಷೆಯಲ್ಲಿ ಗೆಲ್ಲುತ್ತಿದ್ದ. ಅವನು ಸೋಲಲೆಂದು ಅವಳು ಪ್ರಾರ್ಥಿಸುತ್ತಿದ್ದಳು.

ಅಲ್ವಿನ್ ಡುಡಾ ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಹನ್ನೊಂದು ವರ್ಷ ಸೆಂಟರ್ ಆಗಿದ್ದವನು. ಚೆಂಡನ್ನು ಕಾಲುಗಳ ನಡುವಿನಿಂದ ಹಿಂದೆ ನಿಂತು ಅದನ್ನು ಎಸೆಯುವ ಕ್ವಾರ್ಟರ್‌ಬ್ಯಾಕಿಗೆ ಕೊಡುವುದು, ಕೊಟ್ಟ ಮರುಗಳಿಗೆ ನುಗ್ಗಿ ಬರುವವರಿಗೆ ತನ್ನ ತಲೆಯೊಡ್ಡುವುದು: ಅದು ಅವನ ಕೆಲಸ. ಚೆಂಡೆಸೆದವನ ಚಿತ್ರ ಪತ್ರಿಕೆಯಲ್ಲಿ ಬರುತ್ತಿತ್ತು. ತಲೆಯೊಡ್ಡಿದವನದು ಬರುತ್ತಿರಲಿಲ್ಲ.

ಈಗ ಅವನಿಗೆ ಎಪ್ಪತ್ತೆರಡು. ಅವನ ನೆನಪು ಹೋಗಿದೆಯೆಂದು ಆಟಗಾರರ ಪರಿಹಾರ ನಿಧಿಗೆ ಅರ್ಜಿ ಹಾಕಿದವಳು ರೊಸೆಲ್ಲಾ. ವೈದ್ಯರು ಹೌದೆಂದು ಸಹಿ ಮಾಡಿದರೆ ನಿತ್ಯ ಒಬ್ಬ ದಾದಿ ಮನೆಗೆ ಬರುತ್ತಾಳೆ. ಮೂರು ವರ್ಷಗಳಲ್ಲಿ ಮೊದಲ ಬಾರಿ ರೊಸೆಲ್ಲಾ ಒಬ್ಬಳೇ ಹೊಸ್ತಿಲು ದಾಟಬಹುದು. ಇಲ್ಲವೆಂದರೆ ಮರುಪರೀಕ್ಷೆಯಿಲ್ಲ. ನಡುವೆ ಅವಳು ತುಟಿ ಬಿಚ್ಚಿದರೆ ಪರೀಕ್ಷೆಯೇ ರದ್ದು. ಹೆಂಡತಿಯ ಮಾತನ್ನು ನಿಧಿ ಸಾಕ್ಷಿಯೆಂದು ಒಪ್ಪುವುದೂ ಇಲ್ಲ.

ಬೆಳಿಗ್ಗೆ ಕಾರಿನಲ್ಲಿ ಅಲ್ವಿನ್ ಎಂದಿನಂತೆ ಹಿಂದಿನ ಸೀಟಿನಲ್ಲಿ ಉದ್ದನೆಯ ಕಾಲು ಚಾಚಿ ಕುಳಿತಿದ್ದ.

“ಇವತ್ತು ಫುಟ್‌ಬಾಲ್ ಮಾತು ಮಾತ್ರ ಎತ್ತಬೇಡ ಅಲ್, ದಮ್ಮಯ್ಯ ಅಂತೀನಿ,” ಎಂದಿದ್ದಳು ಅವಳು.

“ನೀವು ಹೇಳ್ದಂಗೇ ಆಗ್ಲಿ ಮೇಡಂ,” ಎಂದು ಅವನು ಸಲಾಂ ಹೊಡೆದು ನಕ್ಕಿದ್ದ.

ಕೋಣೆಯಲ್ಲಿ ನಿಧಿಯ ಡಾಕ್ಟರ್ ಪ್ರೆಂಟಿಸ್ ಪ್ರಶ್ನೆಪತ್ರಿಕೆ ತೆರೆದರು.

“ಇದು ಯಾವ ತಿಂಗಳು, ಡುಡಾ ಅವರೇ?”

“ನಿಮಗೆ ಯಾವ್ದು ಬೇಕು?”

“ನಾನು ಈಗ ಹೇಳಿದ ಐದು ಪದ?”

“ಐದೂ ಹೇಳಿದ್ರಾ? ಒಂದೂ ಕೇಳಿಸ್ಲಿಲ್ವಲ್ಲ.”

ಗೋಡೆಗೆ ಒತ್ತರಿಸಿದ ಕುರ್ಚಿಯಲ್ಲಿ ರೊಸೆಲ್ಲಾ ಮೊದಲ ಬಾರಿ ಉಸಿರು ಬಿಟ್ಟಳು. ಆ ನಿಟ್ಟುಸಿರು ಡಾಕ್ಟರರ ಕಿವಿಗೆ ಬಿತ್ತು. ಅವರು ಪ್ರಶ್ನೆಪತ್ರಿಕೆಯನ್ನು ಪಕ್ಕಕ್ಕೆ ಸರಿಸಿದರು.

“ಈಗಿನ ಆಟಗಾರರು ಸೀಸನ್ ಶುರುವಿನ ಪರೀಕ್ಷೇಲಿ ಬೇಕೂಂತ್ಲೇ ಕಡಿಮೆ ಅಂಕ ತಗೋತಾರಂತೆ. ಆಮೇಲೆ ತಲೆಗೆ ಏಟು ಬಿದ್ರೂ ವ್ಯತ್ಯಾಸ ಕಾಣಬಾರ್ದು, ಅದಕ್ಕೆ. ಆ ವಿದ್ಯೆ ನಿಮಗೂ ಬಂದಿರಬಹುದು. ಆದ್ರೆ ಒಂದು ಪಂದ್ಯ ಇದೆ ನೋಡಿ, ಅದ್ರಲ್ಲಿ ಬೇಕೂಂತ ಸೋಲೋ ಗಂಡಸು ಈ ಕಡೆ ಹುಟ್ಟೇ ಇಲ್ಲ. ಹೇಳಿ, ಇದುವರೆಗಿನ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯಾರು ದೊಡ್ಡೋನು? ನನ್ನ ಕೇಳಿದ್ರೆ ಬ್ರೇಡಿ. ಏಳು ಕಿರೀಟ. ಮಾತು ಮುಗೀತು.”

ರೊಸೆಲ್ಲಾಳ ಉಗುರುಗಳು ಕೈಚೀಲದ ಚರ್ಮಕ್ಕೆ ನಾಟಿದವು.

“ಮುಗೀತಾ?” ಅಲ್ವಿನ್ ನೆಟ್ಟಗೆ ಕುಳಿತ. “ಈಗ ಕ್ವಾರ್ಟರ್‌ಬ್ಯಾಕ್ ಮೇಲೆ ಜೋರಾಗಿ ಉಸಿರು ಬಿಟ್ರೂ ರೆಫರಿ ತಪ್ಪು ಅಂತ ಬಾವುಟ ಎಸೀತಾನೆ! ದೊಡ್ಡೋನು ಅಂದ್ರೆ ಯುನೈಟಸ್. ಅವನ ಕಾಲ್ದಲ್ಲಿ ಮೂಗು ಮುರಿದ್ರೂ ಆಟ ಆಡ್ಬೇಕಿತ್ತು. ಮುಂದೆ ಏನು ಆಡೋದು ಅಂತ ಅವನೇ ಹೇಳ್ಬೇಕಿತ್ತು, ಕಿವೀಲಿ ಯಾರೂ ಉಸುರ್ತಿರ್ಲಿಲ್ಲ. ಅವನ ಐವತ್ತೆಂಟರ ಫೈನಲ್ ನೋಡಿದೀರಾ?”

“ನಾನಿನ್ನೂ ಹುಟ್ಟಿರ್ಲಿಲ್ಲ.”

“ಅದಕ್ಕೇ ಬ್ರೇಡಿ ಅಂತೀರಿ.”

ಡಾಕ್ಟರರು ಗಟ್ಟಿಯಾಗಿ ನಕ್ಕರು. “ಹೋಗ್ಲಿ, ಮೊಂಟಾನಾ?”

“ನಮ್ಮ ಸೀಮೆಯೋನೇ ಮಾರಾಯ್ರೇ, ಅವನನ್ನ ಬಿಡೋಕಾಗುತ್ತಾ? ನಾಲ್ಕು ಫೈನಲ್, ನಾಲ್ಕೂ ಗೆಲುವು, ಒಂದೇ ಒಂದು ಎಸೆತ ಎದುರಾಳಿ ಕೈಗೆ ಸಿಕ್ಕಿಲ್ಲ. ಆದ್ರೂ ಎರಡ್ನೇ ಜಾಗ. ಊರಿನ ತಂಡ ಬೇಡ ಅಂತ ಕಳಿಸಿದ್ರೂ ಎದ್ದು ನಿಂತೋನು ಯುನೈಟಸ್. ಸತತ ನಲವತ್ತೇಳು ಪಂದ್ಯದಲ್ಲಿ ಚೆಂಡೆಸೆದು ಅಂಕದ ಗೆರೆ ದಾಟಿಸಿದೋನು!”

ವರ್ಷ, ಅಂಕ, ಬೂಟಿನ ಬಣ್ಣ, ಯಾವುದೂ ತಪ್ಪಲಿಲ್ಲ. ಒಂದೊಂದು ಸರಿಯುತ್ತರವೂ ರೊಸೆಲ್ಲಾಳ ಸುತ್ತ ಒಂದೊಂದು ಇಟ್ಟಿಗೆಯಾಗಿ ಕೂರುತ್ತಿತ್ತು. ಅವಳು ಒಮ್ಮೆ ಕೆಮ್ಮಿದಳು. ಡಾಕ್ಟರರು ತಲೆಯೆತ್ತದೆ ಎಚ್ಚರಿಕೆಯ ಬೆರಳೆತ್ತಿದರು.

“ಕೊನೇ ಪ್ರಶ್ನೆ. ಹೆಂಡತಿ ಹೆಸರು?”

“ರೊಸೆಲ್ಲಾ.” ಅವನು ಅವಳತ್ತ ತಿರುಗಲೂ ಇಲ್ಲ. “ಕೆಂಪು ಕೂದಲು. ಅವಳ ಕೈಯ ಪಿರೋಗಿ ಕಡುಬು ತಿಂದ್ರೆ ನೀವು ಬ್ರೇಡೀನೂ ಮರೀತೀರಿ.”

ರೊಸೆಲ್ಲಾ ನರೆತ ಕೂದಲಿಗೆ ಕಟ್ಟಿದ್ದ ವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡಳು.

ಬರೆಯುತ್ತಿದ್ದ ಡಾಕ್ಟರರು, “ನಿಮ್ಮ ನೆನಪು ನನ್ನ ನೆನಪಿಗಿಂತ ಗಟ್ಟಿಯಾಗಿದೆ,” ಎಂದರು. ಹಾಳೆಯಲ್ಲಿ ‘ಸ್ಮರಣಶಕ್ತಿಗೆ ಹಾನಿಯಿಲ್ಲ’ ಎಂದು ಬರೆದು ಸಹಿ ಹಾಕಿದರು. ಪ್ರಾಮಾಣಿಕರ ಪಾಲನ್ನು ಕಳ್ಳರಿಂದ ಕಾಪಾಡಿದೆನೆಂಬ ತೃಪ್ತಿ ಅವರ ಮುಖದಲ್ಲಿತ್ತು. ಹಾಳೆಯೊಂದಿಗೆ ಅವರು ಹೊರನಡೆದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಅಲ್ವಿನ್ ಎದ್ದು ನಿಂತ. ಕೋಟು ಸರಿಪಡಿಸಿಕೊಂಡು, ರೊಸೆಲ್ಲಾಳ ಮುಂದೆ ಬಂದು ವಿನಯದಿಂದ ತಲೆಬಾಗಿಸಿದ.

“ಅಷ್ಟು ದೂರದಿಂದ ಕಾರಲ್ಲಿ ಕರ್ಕೊಂಡ್ ಬಂದ್ರಿ ಮೇಡಂ, ಉಪಕಾರ ಆಯ್ತು. ಹೊರಗೆ ನನ್ನ ಹೆಂಡತಿ ಕಾಯ್ತಿರ್ತಾಳೆ, ರೊಸೆಲ್ಲಾ ಅಂತ. ಸ್ವಲ್ಪ ಕರೀತೀರಾ? ನಾನು ಗೆದ್ದೆ ಅಂತ ಅವಳಿಗೆ ಹೇಳ್ಬೇಕು.”

ಓದುಗರೇ, ಈ ಮಾತನ್ನು ಕೇಳಿಸಿಕೊಂಡವರು ಅವಳನ್ನು ಬಿಟ್ಟರೆ ನೀವು ಮಾತ್ರ. ದಯಮಾಡಿ ಸಾಕ್ಷಿ ಹೇಳಿ.