ಅಲ್ಲಾಡಿಸುವ ವಿಧಾನ

ಆರ್ಹುಸ್ ನಗರದ ಸಭಾಕೊಠಡಿಯಲ್ಲಿ, ಪರೀಕ್ಷೆಯ ನಿಯಮ ಬರೆಯುವ ಸಮಿತಿಯೊಳಗೆ ಬೆಳಗಿನಿಂದ ಒಂದೇ ವಾಕ್ಯದ ಮೇಲೆ ಜಗಳ ನಡೆದಿತ್ತು: ಸುರಕ್ಷತಾ ಪರೀಕ್ಷೆಗೆ ಮೊದಲು ಪುಡಿ ಬೆರೆಸಿದ ನೀರನ್ನು ಅಲ್ಲಾಡಿಸಬೇಕೋ, ಬೇಡವೋ.

ಪುಡಿಯೆಂದರೆ ಸಾಧಾರಣ ಪುಡಿಯಲ್ಲ. ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳ ನ್ಯಾನೊ ಪುಡಿ. ಶೂ ಒದ್ದೆಯಾಗದಂತೆ ಹೊಡೆಯುವ ಸ್ಪ್ರೇಯಲ್ಲಿ ಅದು ಆಗಲೇ ಮನೆಮನೆ ಸೇರಿತ್ತು. ಮಾರಾಟ ಮೊದಲು, ಪರೀಕ್ಷೆ ಹೇಗೆ ಮಾಡಬೇಕೆಂಬ ಚರ್ಚೆ ಆಮೇಲೆ. ಫಿನ್ಲೆಂಡಿನ ಹಿಲ್ಕಾಳ ಪ್ರಯೋಗಾಲಯದಲ್ಲಿ ಈ ಪುಡಿ ತಗುಲಿದ ಶ್ವಾಸಕೋಶದ ಜೀವಕೋಶಗಳು ಸತ್ತಿದ್ದವು. ಸ್ಪ್ರೇ ಕಂಪನಿಯ ರೂಟ್ಗರ್‌ನ ಪ್ರಯೋಗಾಲಯದಲ್ಲಿ ಒಂದೂ ಸತ್ತಿರಲಿಲ್ಲ. ಯಾಕೆಂದು ನೋಡಲು ಹಿಲ್ಕಾ ಖುದ್ದಾಗಿ ಹೋಗಿ ಬಂದಿದ್ದಳು. ಅಲ್ಲಿ ಪುಡಿಯೆಲ್ಲ ತಳಕ್ಕಿಳಿಯುವವರೆಗೆ ತಾಳ್ಮೆಯಿಂದ ಕಾದು, ಮೇಲಿನ ತಿಳಿನೀರನ್ನಷ್ಟೇ ಜೀವಕೋಶಗಳಿಗೆ ಕೊಡುತ್ತಿದ್ದರು. ಅಂಥ ಆತಿಥ್ಯದಲ್ಲಿ ಯಾವ ಜೀವಕೋಶ ತಾನೇ ಸಾಯುತ್ತದೆ?

“ಅಲ್ಲಾಡಿಸಿದ್ರೆ ಪುಡಿಗೆ ಅನ್ಯಾಯ ಆಗತ್ತೆ,” ಎಂದ ರೂಟ್ಗರ್. “ಅದರ ಸ್ವಭಾವಾನೇ ತಳದಲ್ಲಿ ಕೂತಿರೋದು.”

“ನಿಮ್ಮ ಡಬ್ಬದ ಮೇಲೇ ‘ಚೆನ್ನಾಗಿ ಅಲ್ಲಾಡಿಸಿ’ ಅಂತ ಬರೆದಿದೆಯಲ್ರೀ!” ಎಂದಳು ಹಿಲ್ಕಾ.

“ಅದು ಗಿರಾಕಿಗಳಿಗೆ. ಇದು ವಿಜ್ಞಾನ.”

ಅಧ್ಯಕ್ಷ ಎಸ್ಕಿಲ್ಡ್ ಕೈಯಲ್ಲಿದ್ದ ದಾಲ್ಚಿನ್ನಿ ಬನ್ನನ್ನು ಕೆಳಗಿಟ್ಟ. ಯಾರ ಮನಸ್ಸೂ ನೋಯದಂತೆ ನಿಯಮ ಬರೆಯುವುದರಲ್ಲಿ ಅವನದು ಪಳಗಿದ ಕೈ. “ಎರಡೂ ವಿಧಾನ ಇಟ್ಕೊಳ್ಳೋಣ. ತಯಾರಕರು ತಮಗೆ ಬೇಕಾದ್ದನ್ನ ಆರಿಸ್ಕೊಳ್ಳಲಿ. ಬೇಗ ಹೂಂ ಅನ್ನಿ ಹಿಲ್ಕಾ, ಊಟ ಆರಿ ಹೋಗತ್ತೆ.”

ಹಿಲ್ಕಾಳಿಗೆ ತಮ್ಮೂರಿನ ಶೂ ರಿಪೇರಿಯ ಹೆಂಗಸು ನೆನಪಾದಳು. ಗಾಳಿಯಾಡದ ಪುಟ್ಟ ಅಂಗಡಿಯಲ್ಲಿ ಕೂತು ದಿನವಿಡೀ ಈ ಸ್ಪ್ರೇಯನ್ನೇ ಹೊಡೆಯುತ್ತಾಳೆ, ದಿನವಿಡೀ ಕೆಮ್ಮುತ್ತಾಳೆ. ಹೂಂ ಅನ್ನಲು ಬಾಯಿ ಬರಲಿಲ್ಲ. ಚೀಲದಿಂದ ಒಂದು ಪುಟ್ಟ ಸ್ಪ್ರೇ ಬಾಟಲಿ ತೆಗೆದು, ಮೇಜಿನ ಮೇಲ್ಗಡೆ ಗಾಳಿಗೆ ಪಿಸ್ ಎಂದು ಹೊಡೆದೇಬಿಟ್ಟಳು.

“ಅಯ್ಯೋ, ಏನ್ರೀ ಮಾಡ್ತಿದ್ದೀರಿ!” ರೂಟ್ಗರ್ ಟೈಯಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡಿದ. ಎಸ್ಕಿಲ್ಡ್ ಕಿಟಕಿ ತೆರೆದು ಅರ್ಧ ಮೈ ಹೊರಹಾಕಿದ.

“ಯಾಕೆ ಓಡ್ತೀರಿ? ನಿಮ್ಮ ಲ್ಯಾಬಿನಿಂದ್ಲೇ ತಂದ ತಿಳಿನೀರು,” ಎಂದಳು ಹಿಲ್ಕಾ. “ಒಂದು ಜೀವಕೋಶಾನೂ ಇದರಿಂದ ಸತ್ತಿಲ್ಲ ಅಂತ ನೀವೇ ಬರ್ಕೊಟ್ಟಿದ್ದೀರಿ. ಬನ್ನಿ, ಕೂತ್ಕೊಳ್ಳಿ.”

ರೂಟ್ಗರ್ ಬಾಗಿಲಾಚೆಯೇ ನಿಂತ. “ಅದು ಜೀವಕೋಶದ ಮಾತು ಕಣ್ರೀ… ನಾನು ಹೆಂಡ್ತಿ ಮಕ್ಕಳಿರೋನು.”

ಅಲ್ಲಾಡಿಸುವ ಪ್ರಶ್ನೆ ಮುಂದಿನ ವರ್ಷದ ಸಭೆಗೆ ಹೋಯಿತು. ಸ್ಪ್ರೇ ಎಂದಿನಂತೆ ಅಂಗಡಿಗಳಿಗೆ ಹೋಗುತ್ತಲೇ ಇತ್ತು. ಅಂದು ಯಾರ ಆಕ್ಷೇಪಣೆಯೂ ಇಲ್ಲದೆ, ರೂಟ್ಗರ್‌ನ ಎತ್ತಿದ ಕೈಯೂ ಸೇರಿ ಅಂಗೀಕಾರವಾದದ್ದು ಒಂದೇ ನಿರ್ಣಯ: ಇನ್ನು ಮುಂದೆ ಎಂಥ ಚಳಿಯಿದ್ದರೂ ಸಮಿತಿಯ ಸಭೆಗಳಲ್ಲಿ ಕಿಟಕಿಗಳು ತೆರೆದೇ ಇರತಕ್ಕದ್ದು.